ಆಸ್ಪತ್ರೆಯ ನೆಲ ಒರೆಸುವವರಿಂದ ಕಲಿತ ಪ್ರಾಧ್ಯಾಪಕಿ

ಶಿವಮೊಗ್ಗದಲ್ಲಿ ಎಂಬಿಎ ವಿದ್ಯಾರ್ಥಿಗಳಿಗೆ ಸಾಂಸ್ಥಿಕ ವರ್ತನೆಯ ಪಾಠ ಹೇಳುವ ನನಗೆ ಏಮಿ ರೆಸ್ನೆಸ್ಕಿಯವರ ಸಂಶೋಧನೆಯ ಮೇಲೆ ವಿಶೇಷ ಗೌರವವಿದೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ನ್ಯೂಯಾರ್ಕ್ ಮತ್ತು ಯೇಲ್ ವಿಶ್ವವಿದ್ಯಾಲಯಗಳಲ್ಲಿ ಕಲಿಸಿ, ಬಳಿಕ ಪೆನ್ಸಿಲ್ವೇನಿಯಾದ ವಾರ್ಟನ್ ಸ್ಕೂಲ್ ಸೇರಿದ ಅವರು, ಮನುಷ್ಯನಿಗೆ ತಾನು ಮಾಡುವ ಕೆಲಸ ಏನಾಗಿ ಕಾಣುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು.

1997ರಲ್ಲಿ ಸಹಸಂಶೋಧಕರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಕೆಲಸವನ್ನು ನೋಡುವ ಮೂರು ಬಗೆಗಳನ್ನು ಗುರುತಿಸಿದರು. ಕೆಲವರಿಗೆ ಅದು ಹೊಟ್ಟೆಪಾಡು, ಕೆಲವರಿಗೆ ಮೇಲಿನ ಹುದ್ದೆಗೇರುವ ದಾರಿ, ಇನ್ನು ಕೆಲವರಿಗೆ ಬದುಕಿನಿಂದ ಬೇರ್ಪಡಿಸಲಾಗದ ಸಾರ್ಥಕ ಕಾರ್ಯ. ಆಡಳಿತ ಸಹಾಯಕರಾಗಿ ಒಂದೇ ಬಗೆಯ ಕೆಲಸ ಮಾಡುತ್ತಿದ್ದ 24 ಮಂದಿಯೂ ಈ ಮೂರು ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಹುದ್ದೆಯನ್ನು ನೋಡಿ ಅದರಲ್ಲಿರುವ ಮನುಷ್ಯನನ್ನು ಅಳೆಯುವ ನಮ್ಮ ಅಭ್ಯಾಸವನ್ನು ಪ್ರಶ್ನಿಸಲು ನನಗೆ ಇಷ್ಟೇ ಸಾಕಾಗಿತ್ತು.

ಆದರೆ ಅವರು ಜೇನ್ ಡಟನ್ ಅವರ ಜೊತೆ ಆಸ್ಪತ್ರೆಯ ಶುಚಿತ್ವ ಸಿಬ್ಬಂದಿಯನ್ನು ಕುರಿತು ನಡೆಸಿದ ಅಧ್ಯಯನ ನನ್ನ ಮಟ್ಟಿಗೆ ಇನ್ನೂ ಮುಖ್ಯವಾದುದು. ಕೆಲವರು ಒಪ್ಪಿಸಿದಷ್ಟನ್ನು ಮಾಡಿ ಮನೆಗೆ ಹೋಗುತ್ತಿದ್ದರು, ತಮ್ಮ ಕೆಲಸಕ್ಕೆ ಅಂಥ ಕೌಶಲವೇನೂ ಬೇಡ ಎಂದು ಹೇಳುತ್ತಿದ್ದರು. ಅದೇ ಕೆಲಸದಲ್ಲಿದ್ದ ಇನ್ನು ಕೆಲವರು ರೋಗಿಗಳನ್ನು ಮಾತಾಡಿಸುತ್ತಿದ್ದರು, ನೋಡಲು ಬಂದ ವೃದ್ಧರು ದಾರಿ ತಪ್ಪದಂತೆ ಹೊರಗಿನವರೆಗೆ ಕರೆದೊಯ್ಯುತ್ತಿದ್ದರು. ಪ್ರಜ್ಞೆ ತಪ್ಪಿ ಮಲಗಿದ್ದವರ ಕೋಣೆಯ ಗೋಡೆಯ ಚಿತ್ರಗಳನ್ನು, ಏನಾದರೂ ಒಳ್ಳೆಯದಾದೀತು ಎಂಬ ಆಸೆಯಿಂದ, ಆಗಾಗ ಬದಲಿಸಿ ಹಾಕುತ್ತಿದ್ದವರೂ ಇದ್ದರು. ಮೇಲಧಿಕಾರಿ ಕೊಟ್ಟ ಕೆಲಸವನ್ನು ಕೆಲಸಗಾರರೇ ಹೀಗೆ ತಮ್ಮ ಕೈಯಾರೆ ತಿದ್ದಿ ರೂಪಿಸಿಕೊಳ್ಳುವುದನ್ನು ಈ ಇಬ್ಬರೂ 2001ರ ಪ್ರಬಂಧದಲ್ಲಿ ಸಿದ್ಧಾಂತವಾಗಿ ಮಂಡಿಸಿದರು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಮಲೆನಾಡಿನ ಆಶಾ ಕಾರ್ಯಕರ್ತೆಯರು ನೆನಪಾಗುತ್ತಾರೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಇಲ್ಲಿಯ ಹಳ್ಳಿಗಳನ್ನು ಕಾಡುತ್ತದೆ. ಈ ಕಾಯಿಲೆಯನ್ನು ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಮನೆಗೆ ಹಂಚುವುದು ಅವರಿಗೆ ವಹಿಸಿದ ಕೆಲಸ. ಆದರೆ ದರಗು ತರಲು ಕಾಡಿಗೆ ಹೊರಟವರನ್ನು ದಾರಿಯಲ್ಲೇ ನಿಲ್ಲಿಸಿ, "ಎಣ್ಣೆ ಹಚ್ಚಿಕಂಡ್ರೇನೇ ಅಕ್ಕಾ?" ಎಂದು ಕೇಳುವುದು, ಜ್ವರ ಮುಚ್ಚಿಟ್ಟ ಅಜ್ಜನನ್ನು ಒಲಿಸಿ ಆಸ್ಪತ್ರೆಗೆ ಹೊರಡಿಸುವುದು ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ. ಕಾಯಿಲೆಯನ್ನು ತಡೆಯುವುದರಲ್ಲಿ ಈ ದಾಖಲಾಗದ ಭಾಗವೇ ಹೆಚ್ಚಿನದು ಎಂದು ನಾನು ನಂಬಿದ್ದೇನೆ.

ಇಲ್ಲಿಯೇ ಒಂದು ಎಚ್ಚರ ಬೇಕು. ಸ್ಟುವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಂಪ್ಸನ್ 2009ರಲ್ಲಿ ಮೃಗಾಲಯದ ಪ್ರಾಣಿಪಾಲಕರನ್ನು ಅಧ್ಯಯನ ಮಾಡಿ, ಕೆಲಸವನ್ನು ಜೀವದಂತೆ ಪ್ರೀತಿಸುವವರು ಸಂಬಳವನ್ನೂ ಸೌಕರ್ಯವನ್ನೂ ಬಿಟ್ಟುಕೊಡಲು ಸಿದ್ಧರಿರುತ್ತಾರೆ, ಆದ್ದರಿಂದಲೇ ಶೋಷಣೆಗೆ ಸುಲಭವಾಗಿ ತುತ್ತಾಗಬಲ್ಲರು ಎಂದು ತೋರಿಸಿದರು. ಆಶಾ ಕಾರ್ಯಕರ್ತೆಯರಿಗೆ ಇಂದಿಗೂ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ. ಅವರ ಸೇವಾಭಾವವನ್ನು ವೇದಿಕೆಯ ಮೇಲೆ ಹೊಗಳಿ, ಕೂಲಿಯ ಮಾತು ಬಂದಾಗ ಮೌನವಾಗುವವರು ರೆಸ್ನೆಸ್ಕಿಯವರ ಸಂಶೋಧನೆಯನ್ನು ತಮ್ಮ ಬೆಂಬಲಕ್ಕೆ ತಂದುಕೊಳ್ಳಬಾರದು. ಕೆಲಸಗಾರ್ತಿ ತಾನಾಗಿ ಸೇರಿಸಿದ್ದನ್ನು ಮಾಲೀಕ ತನ್ನ ಹಕ್ಕೆಂದು ಲೆಕ್ಕ ಹಾಕುವುದು ಅನ್ಯಾಯ.

ಹಾಗೆಯೇ ಎಲ್ಲ ಕೆಲಸದಲ್ಲೂ ತಿದ್ದಿಕೊಳ್ಳಲು ಒಂದೇ ಅಳತೆಯ ಅವಕಾಶವಿರುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ಸುಲಿದಷ್ಟಕ್ಕೇ ಕೂಲಿ ಎಂದು ಮೆಟ್ಟುಗತ್ತಿಯ ಮುಂದೆ ಕುಳಿತವಳಿಗೆ ಕೈ ಬಿಡುವುದೇ ನಷ್ಟ. ಅವಳಿಗೆ ಉಳಿಯುವುದು ಪಕ್ಕದವಳ ಜೊತೆಗಿನ ಮಾತು, ಹಾಡು. ಅದರಿಂದ ಕೆಲಸ ಎಷ್ಟು ಹಗುರಾಗುತ್ತದೆ, ಎಲ್ಲಿ ಹಗುರಾಗುವುದಿಲ್ಲ ಎಂಬುದು ನಮ್ಮ ಜಿಲ್ಲೆಯಲ್ಲೇ ಕುಳಿತು ಬರೆಯಬಹುದಾದ, ಬರೆಯಬೇಕಾದ ಸಂಶೋಧನೆ.

ನಮ್ಮ ಎಂಬಿಎ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಬಹುಪಾಲು ಶೋರೂಮ್ ಮತ್ತು ಬ್ಯಾಂಕುಗಳ ಉದ್ಯೋಗಿ ತೃಪ್ತಿಯ ಪ್ರಶ್ನಾವಳಿಗಳಲ್ಲೇ ಮುಗಿದುಹೋಗುತ್ತವೆ. ಈ ಬಾರಿ ಕೆಲವರನ್ನಾದರೂ ಅಡಿಕೆ ಚಪ್ಪರಗಳಿಗೂ ಆಶಾ ಕಾರ್ಯಕರ್ತೆಯರ ಮನೆಗಳಿಗೂ ಕಳುಹಿಸಬೇಕೆಂದಿದ್ದೇನೆ. ಪ್ರಶ್ನಾವಳಿಯನ್ನು ಮೊದಲೇ ಅಚ್ಚು ಹಾಕಿಸಿಕೊಂಡು ಹೋಗದೆ, ಅವರು ಹೇಳುವುದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬರಬೇಕು ಎಂಬುದೊಂದೇ ನನ್ನ ಷರತ್ತು.