ನಾವಿಲ್ಲದ ಮೇಲೆ ಅವರ ಮನೆ ಎಲ್ಲಿರಬೇಕು?

ಪ್ರಶ್ನೆ: ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ದೊಡ್ಡವರಿಗೆ ಊರಾಚೆಯ ವಸತಿ ಕೇಂದ್ರಕ್ಕಿಂತ ಊರೊಳಗಿನ ಸಾಮಾನ್ಯ ಬೀದಿಯ ಸಣ್ಣ ಮನೆಯೇ ಸರಿಯೇ?

ಪರ: ಬೀದಿ ಗುರುತು ಹಿಡಿಯಬೇಕು

ನನ್ನ ತಮ್ಮನಿಗೆ 41 ವರ್ಷ. ಡೌನ್ ಸಿಂಡ್ರೋಮ್ ಇದೆ. ಬೆಳಿಗ್ಗೆ ಆರೂವರೆಗೆ ಚಪ್ಪಲಿ ಮೆಟ್ಟಿಕೊಂಡು ನಂದಿನಿ ಬೂತಿಗೆ ಹೊರಡುತ್ತಾನೆ. ಮಾತು ಸ್ಪಷ್ಟವಿಲ್ಲ, ಎರಡು ಬೆರಳು ತೋರಿಸುತ್ತಾನೆ. ಬೂತಿನವರು ಎರಡು ನೀಲಿ ಪ್ಯಾಕೆಟ್ ಕೊಟ್ಟು ಚಿಲ್ಲರೆಯನ್ನು ಅವನ ಅಂಗಿ ಜೇಬಿಗೆ ಹಾಕುತ್ತಾರೆ. ಒಂದು ದಿನ ಹೋಗದಿದ್ದರೆ ಮಾರನೇ ದಿನ ನನ್ನನ್ನೇ ಕೇಳುತ್ತಾರೆ, "ಯಾಕಕ್ಕ, ತಮ್ಮನಿಗೆ ಹುಷಾರಿಲ್ವಾ?"

ಅಮ್ಮ ತೀರಿಕೊಂಡ ವರ್ಷ ನೆಂಟರ ಮಾತು ಕೇಳಿ ಅವನನ್ನು ಊರಾಚೆಯ ಒಂದು ವಸತಿ ಕೇಂದ್ರಕ್ಕೆ ಸೇರಿಸಿದೆ. ಜಾಗ ಚೆನ್ನಾಗಿತ್ತು. ಮರ, ಗಾಳಿ, ಹೊತ್ತಿಗೆ ಸರಿಯಾಗಿ ಊಟ. ಯಾರೂ ಒಂದು ಗಟ್ಟಿ ಮಾತಾಡಿದವರಲ್ಲ. ಹಾಲು ಕ್ಯಾನಿನಲ್ಲಿ ನೇರ ಅಡುಗೆಮನೆಗೆ ಬರುತ್ತಿತ್ತು. ಮೂರು ತಿಂಗಳ ನಂತರ ವಾಪಸ್ ಕರೆತಂದಾಗ ಬೂತಿನ ಮುಂದೆ ಸುಮ್ನೆ ನಿಂತ. ಬೆರಳು ಎತ್ತಲಿಲ್ಲ. ಅದನ್ನು ಕಲಿಸಲು ಅಮ್ಮನಿಗೆ ಎರಡು ವರ್ಷ ಹಿಡಿದಿತ್ತು.

ಅಂಥ ಒಳ್ಳೆಯ ಜಾಗದಲ್ಲೇ ಹೀಗಾಯಿತು. ಕೆಟ್ಟ ಜಾಗ ಹೇಗಿರುತ್ತದೆ ಅನ್ನುವುದನ್ನು ನ್ಯೂಯಾರ್ಕಿನಲ್ಲಿ ಬೌದ್ಧಿಕ ವಿಕಲತೆ ಇರುವವರಿಗೆಂದು ಇದ್ದ ವಿಲ್ಲೋಬ್ರೂಕ್ ಎಂಬ ಸರ್ಕಾರಿ ಸಂಸ್ಥೆ ತೋರಿಸಿತು. 4 ಸಾವಿರ ಜನಕ್ಕೆಂದು ಕಟ್ಟಿದ್ದಲ್ಲಿ 6 ಸಾವಿರ ಜನರನ್ನು ತುಂಬಿದ್ದರು. 1972ರಲ್ಲಿ ಟಿವಿ ಕ್ಯಾಮೆರಾ ಒಳಗೆ ಹೋದಾಗಲೇ ಜನರಿಗೆ ಅದರ ನಿಜರೂಪ ಕಂಡಿದ್ದು. ಮುಚ್ಚುವ ಹೊತ್ತಿಗೆ 1987 ಆಯಿತು. ಸ್ವೀಡನ್ ಇಂಥ ದೊಡ್ಡ ಸಂಸ್ಥೆಗಳನ್ನೆಲ್ಲ 1999ರ ಕೊನೆಯೊಳಗೆ ಮುಚ್ಚಬೇಕೆಂದು ಕಾನೂನನ್ನೇ ಮಾಡಿತು. ನಮ್ಮಲ್ಲೂ ಬೇರೆ ದಾರಿ ಕಂಡವರಿದ್ದಾರೆ. 1970ರಲ್ಲಿ ಬೆಂಗಳೂರಿನಲ್ಲಿ ಆಶಾ ನಿಕೇತನ ಶುರುವಾಯಿತು. ನೋಡಿಕೊಳ್ಳುವವರೂ ಅವರ ಆಸರೆಯಲ್ಲಿರುವವರೂ ಒಂದೇ ಮನೆಯಲ್ಲಿದ್ದು, ಒಟ್ಟಿಗೆ ಕೂತು ಉಣ್ಣುವ ರೀತಿ ಅದು.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮಾಲೀಕರ ಮುಂದೆ ನಿಂತವಳು ನಾನು, ಆ ಕಷ್ಟ ಗೊತ್ತು. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 37ನೇ ಸೆಕ್ಷನ್ ಓದಿ. ಸರ್ಕಾರ ವಸತಿ ಯೋಜನೆಗಳಲ್ಲಿ ಹಂಚುವ ಮನೆಗಳಲ್ಲಿ ಶೇಕಡ 5ರಷ್ಟು ಇವರಿಗೆ ಮೀಸಲು. ತೊಡಕು ಇರುವುದು 'ಕುಟುಂಬ' ಅನ್ನುವ ಪದದಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಲೆಕ್ಕದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಒಟ್ಟಿಗೆ ಬಾಳಬೇಕು ಅನ್ನುವ ನಾಲ್ಕು ಜನ ಗೆಳೆಯರಿಗೆ ಆ ಅರ್ಜಿಯಲ್ಲಿ ಜಾಗವಿಲ್ಲ. ಅದೊಂದನ್ನು ತಿದ್ದಿ, ನೆಲಮಹಡಿಯ ಒಂದು ಮನೆ ಕೊಡಿ. ಬಾಡಿಗೆಯ ಭಾರ ಹೋದರೆ ಅಡುಗೆಯವರ, ರಾತ್ರಿ ಉಳಿಯುವವರ ಸಂಬಳ ಮಾತ್ರ ಉಳಿಯುತ್ತದೆ. ಅದನ್ನು ನಾಲ್ಕು ಮನೆಯವರು ಹಂಚಿಕೊಳ್ಳಬಹುದು.

ನನ್ನ ತಮ್ಮ ಈಗ ಮತ್ತೆ ಎರಡು ಬೆರಳು ಎತ್ತುತ್ತಾನೆ. ಎಂಟು ತಿಂಗಳಾಯಿತು, ಆ ಬೆರಳು ವಾಪಸ್ ಬರಲು.

ವಿರೋಧ: ಎಲ್ಲರಿಗೂ ಬೀದಿ ಒಗ್ಗುವುದಿಲ್ಲ

ನನ್ನ ಮಗನಿಗೆ 34. ಆಟಿಸಂ ಇದೆ, ಮಾತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನಡೆಯುತ್ತಾನೆ. ಗೋಡೆಯಿಂದ ಗೋಡೆಗೆ, ಹಿಮ್ಮಡಿ ಬಡಿದು. ಬಾಡಿಗೆ ಮನೆಯಲ್ಲಿದ್ದಾಗ ಕೆಳಗಿನ ಮನೆಯವರಿಗೆ ಒಂದೊಂದು ಹೆಜ್ಜೆಯೂ ಕೇಳುತ್ತಿತ್ತು. ಅವರೂ ಬೆಳಗಾದರೆ ಕೆಲಸಕ್ಕೆ ಹೋಗಬೇಕಿತ್ತು, ಅಲ್ವಾ? ನಾಲ್ಕು ವರ್ಷದಲ್ಲಿ ಮೂರು ಮನೆ ಬದಲಿಸಿದೆವು. ಒಬ್ಬ ಮಾಲೀಕರು ಮಗಳ ಮದುವೆ, ಮನೆ ಬೇಕು ಅಂದರು. ನಾವು ಬಿಟ್ಟ ವಾರವೇ ಗೇಟಿಗೆ ಟು-ಲೆಟ್ ಬೋರ್ಡ್ ಬಿತ್ತು. ಪ್ರತಿ ಸಲ ಮನೆ ಬದಲಿಸಿದಾಗಲೂ ಅವನು ವಾರಗಟ್ಟಲೆ ನಿದ್ದೆ ಮಾಡದೆ ತನ್ನ ಮಣಿಕಟ್ಟನ್ನು ಕಚ್ಚಿಕೊಳ್ಳುತ್ತಿದ್ದ.

ನಾಲ್ಕು ಜನರ ಮನೆಯನ್ನೂ ಮಾಡಿ ನೋಡಿದೆವು. ನೋಡಿಕೊಳ್ಳುವ ಹುಡುಗ ಒಬ್ಬನೇ. ಅವನಿಗೆ ಜ್ವರ ಬಂದ ದಿನ ಬೀದಿಯಲ್ಲಿ ಇಪ್ಪತ್ತು ಮನೆ ಇದ್ದರೂ ನಮ್ಮ ಮಕ್ಕಳ ಬಳಿಗೆ ಬರುವವರಿರಲಿಲ್ಲ. ನನಗೆ ಅದಕ್ಕಿಂತ ಜಾಸ್ತಿ ಭಯವಿದ್ದದ್ದು ಮುಚ್ಚಿದ ಬಾಗಿಲಿನ ಬಗ್ಗೆ. ಮಾತು ಬಾರದ ನಾಲ್ವರು, ಜೊತೆಗೆ ಒಬ್ಬನೇ ಒಬ್ಬ. ಒಳಗೆ ಏನಾದರೂ ಆದರೆ ಹೇಳುವವರು ಯಾರು? ಹತ್ತು ಜನ ಸಿಬ್ಬಂದಿ ಇರುವಲ್ಲಿ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರುತ್ತದೆ.

ವಿಲ್ಲೋಬ್ರೂಕ್ ಕಥೆ ಕೇಳಿ ನನ್ನ ಹೊಟ್ಟೆಯೂ ಉರಿಯುತ್ತದೆ. ಅದು ಸಾವಿರಾರು ಜನರನ್ನು ತುಂಬಿ, ಕೇಳುವವರಿಲ್ಲದೆ ಬಿಟ್ಟದ್ದರ ಫಲ. ಮೂವತ್ತು ಜನರ, ಹೆತ್ತವರು ಹೇಳದೆ ಕೇಳದೆ ಯಾವಾಗ ಬೇಕಾದರೂ ಒಳಗೆ ಹೋಗಬಹುದಾದ ಕ್ಯಾಂಪಸ್ಸನ್ನು ಅದರ ಪಕ್ಕ ಇಡಬೇಡಿ. ಸ್ವೀಡನ್ನಿನಲ್ಲಿ ಸಣ್ಣ ಮನೆಗಳು ನಿಂತಿರುವುದು ಅಲ್ಲಿನ ನಗರಸಭೆಗಳು ಕೊಡುವ ಸಿಬ್ಬಂದಿಯ ಬಲದಿಂದ. ಇಲ್ಲಿ ಶೇಕಡ 5ರಲ್ಲಿ ಗೋಡೆ ಸಿಗಬಹುದು. ರಾತ್ರಿ ಎರಡಕ್ಕೆ ಎದ್ದು ಜೊತೆಗೆ ನಡೆಯುವವರನ್ನು ಆ ಸೆಕ್ಷನ್ ಕೊಡುವುದಿಲ್ಲ.

ಗಾರ್ಡಿಯನ್ ವಿಷಯವೂ ಹೀಗೇ. ಇಂಥವರಿಗೆಂದೇ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಅವರ ಪರವಾಗಿ ನಿಲ್ಲುವ ಗಾರ್ಡಿಯನ್ನನ್ನು ನೇಮಿಸುತ್ತದೆ. ನಮ್ಮ ನಂತರ ಆ ಜವಾಬ್ದಾರಿ ನನ್ನ ಅಣ್ಣನ ಮಗನಿಗೆ ಬರುತ್ತದೆ. ಒಳ್ಳೆಯ ಹುಡುಗ, ಇರುವುದು ಪುಣೆಯಲ್ಲಿ. ಸಹಿ ಅವನು ಹಾಕುತ್ತಾನೆ. ಬಾಡಿಗೆ ಮನೆ ಖಾಲಿ ಮಾಡಿ ಅಂದ ದಿನ ಗಂಟುಮೂಟೆ ಯಾರು ಹೊರುತ್ತಾರೆ?

2007ರಲ್ಲಿ ಭಾರತ ಒಪ್ಪಿದ, ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ, ಎಲ್ಲಿ ಮತ್ತು ಯಾರ ಜೊತೆ ಇರಬೇಕು ಅನ್ನುವುದನ್ನು ಅವರೇ ಆರಿಸಿಕೊಳ್ಳಬೇಕು ಅನ್ನುತ್ತದೆ. ನನ್ನ ಮಗ ಬಾಯಿಬಿಟ್ಟು ಹೇಳಲಾರ. ಈಗ ಅವನಿರುವುದು ಅಂಥದ್ದೇ ಒಂದು ಕ್ಯಾಂಪಸ್ಸಿನಲ್ಲಿ, ಅವನ ಮಣಿಕಟ್ಟಿನ ಗಾಯ ಮಾಗಿದೆ. ರಾತ್ರಿ ಅವನು ಉದ್ದ ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ, ಯಾರ ನಿದ್ದೆಯೂ ಕೆಡುವುದಿಲ್ಲ. ಎಂಟು ವರ್ಷದಿಂದ ಅದೇ ಅಕ್ಕ ಅವನಿಗೆ ಊಟಕ್ಕೆ ಬಡಿಸುತ್ತಾರೆ. ನಾನು ಹೋದಾಗ ಕೈ ಹಿಡಿದು ತಾನು ನೀರು ಹಾಕುವ ಬದನೆ ಸಾಲಿಗೆ ಕರೆದೊಯ್ಯುತ್ತಾನೆ. ಸಂಜೆ ನಾನು ಬ್ಯಾಗ್ ಎತ್ತಿಕೊಂಡರೆ ಗೇಟಿನವರೆಗೆ ಬಂದು, ತಾನೇ ತಿರುಗಿ ಒಳಗೆ ಹೋಗುತ್ತಾನೆ.