ಗುಡ್ಡಕ್ಕೆ ಸ್ಲಿಪ್ಪರ್ ಸಾಕು, ಮಾರ್ಕೆಟ್‌ಗೆ ಬೂಟು ಬೇಕು

ಕಲಬುರಗಿಯ ಪ್ರತಿ ಮನೆಯಲ್ಲೂ ಒಂದು ಜೊತೆ ಟ್ರೆಕ್ಕಿಂಗ್ ಬೂಟು ಇರಲೇಬೇಕು. ಬೆಟ್ಟ ಹತ್ತೋಕಲ್ಲ. ತರಕಾರಿ ತರೋಕೆ.

ಬೆಟ್ಟದ ವಿಷಯ ಮೊದಲು ಮುಗಿಸಿಬಿಡೋಣ. ನಮ್ಮ ಕಡೆಯ ಹುಡುಗರಿಗೂ ಈಗ ಬೆನ್ನಿಗೆ ಚೀಲ ಹಾಕಿಕೊಂಡು ತಿರುಗುವ ಹುಚ್ಚು ಹತ್ತಿದೆ. ತಪ್ಪೇನಿಲ್ಲ. ಯಾದಗಿರಿಯ ಬೆಟ್ಟದ ಮೇಲೆ ಕೋಟೆ ಇದೆ, ಶಹಾಪುರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡವಿದೆ, ಚಿಂಚೋಳಿಯಲ್ಲಿ ಕಾಡಿದೆ. ಆದರೆ ಹೊರಡುವ ಮೊದಲು ಬೂಟು ಬೇಕಲ್ಲ. ಅಂಗಡಿಗೆ ಹೋದರೆ ಗೋಡೆ ತುಂಬ ಹಿಮಾಲಯ. ಡಬ್ಬಿ ಮೇಲೂ ಹಿಮಾಲಯ. ಹೊರಗೆ ಮೇ ತಿಂಗಳು, 42 ಡಿಗ್ರಿ.

"ಅಣ್ಣಾ, ಇದು ಪೂರಾ ವಾಟರ್‌ಪ್ರೂಫ್ ಅದ. ಒಂದು ಹನಿ ನೀರು ಒಳಗ ಬರಂಗಿಲ್ಲ."

"ನೀರೇ ಎಲ್ಲದ ತಮ್ಮಾ? ನಮ್ಮ ನಳಕ್ಕ ನಾಕ್ ದಿನಕ್ಕೊಮ್ಮೆ ಬರ್ತದ."

"ಬಂದಾಗ ಬರ್ಲಿ ಬಿಡ್ರಿ. ಬೂಟ್ ರೆಡಿ ಇರ್ತದಲ್ಲ."

ರೆಡಿ ಇರುತ್ತದೆ, ಖರೆ. ಆದರೆ ಆ ವಾಟರ್‌ಪ್ರೂಫ್ ಪದರಕ್ಕೆ ಇನ್ನೊಂದು ಗುಣವಿದೆ. ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ಬೆವರನ್ನೂ ಬೇಗ ಹೊರಗೆ ಬಿಡುವುದಿಲ್ಲ. ನಮ್ಮ ಬಿಸಿಲಲ್ಲಿ ಒಂದು ತಾಸು ನಡೆದರೆ ಕಾಲು ಅಲ್ಲೇ ಬೇಯುತ್ತದೆ. ನೆಂದ ಚರ್ಮ ಉಜ್ಜಿ ಉಜ್ಜಿ ಬೊಬ್ಬೆ ಏಳುತ್ತದೆ. ಹತ್ತಿಯ ಸಾಕ್ಸ್ ಹಾಕಿದ್ದರಂತೂ ಕೇಳಲೇಬೇಡಿ. ಅದು ಬೆವರು ಕುಡಿದು ಅಲ್ಲೇ ಕೂತುಬಿಡುತ್ತದೆ. ತೂಕದ ಕಥೆ ಬೇರೆ. ಕಾಲಿಗೆ ಹಾಕಿದ ಒಂದು ಕಿಲೋ, ಬೆನ್ನ ಮೇಲಿನ ಐದು ಕಿಲೋಗೆ ಸಮ ಅನ್ನುವುದು ದೂರ ನಡೆಯುವವರ ಹಳೆ ಲೆಕ್ಕ. ಚೀಲದಿಂದ ಎರಡು ಅಂಗಿ ತೆಗೆದು ಹಗುರಾದೆ ಅಂದುಕೊಂಡವನು ಕಾಲಿಗೆ ಕಲ್ಲು ಕಟ್ಟಿಕೊಂಡು ಹೊರಡುತ್ತಾನೆ. ನಮ್ಮ ಒಣ ಗುಡ್ಡಗಳಿಗೆ ಗಾಳಿ ಆಡುವ, ಹಿಡಿತ ಇರುವ ಹಗುರ ಶೂ ಧಾರಾಳ ಸಾಕು. ಜಾಲಿ ಮುಳ್ಳಿನ ಸಲುವಾಗಿ ತಳ ಸ್ವಲ್ಪ ಗಟ್ಟಿ ಇರಲಿ, ಅಷ್ಟೇ.

ಇಷ್ಟು ಹೇಳಿದರೂ ಒಬ್ಬ ಹುಡುಗ ಹಿಮಾಲಯದ ಬೂಟನ್ನೇ ಕೊಂಡು ಬೀದರ್ ಬಸ್ ಹತ್ತಿದ ಅನ್ನಿ. ನರಸಿಂಹ ಝರಣಿಗೆ ಹೋದ. ಅಲ್ಲಿ ಗುಹೆಯೊಳಗೆ ಸೊಂಟ ಮುಳುಗುವ ನೀರಲ್ಲಿ ನಡೆದು ದೇವರನ್ನು ನೋಡಬೇಕು. ಅಂತೂ ನೀರು ಸಿಕ್ಕಿತು! ಆದರೆ ಬೂಟು ಹೊರಗೆ. ನಾನಕ್ ಝರಾ ಗುರುದ್ವಾರದಲ್ಲೂ ಹೊರಗೆ. ವಾಪಸ್ ಬಂದು ಶರಣಬಸವೇಶ್ವರ ಗುಡಿ, ಬಂದೇ ನವಾಜ್ ದರ್ಗಾ, ಬುದ್ಧ ವಿಹಾರ. ಎಲ್ಲ ಧರ್ಮದವರೂ ಜಗಳವಿಲ್ಲದೆ ಒಪ್ಪಿರುವುದು ಇದೊಂದನ್ನೇ, ಅಲ್ವಾ? ಇವನು ಲೇಸ್ ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಸ್ಲಿಪ್ಪರ್ ಹಾಕಿದ ಗೆಳೆಯರು ಊಟ ಮುಗಿಸಿ ಬಾಳೆಹಣ್ಣು ಸುಲಿಯುತ್ತಿರುತ್ತಾರೆ.

ಹಾಗಾದರೆ ಈ ಬೂಟು ಮಾಡಿದ್ದು ಯಾವ ಜಾಗಕ್ಕೆ? ಡಬ್ಬಿ ಮೇಲೆ ಬರೆದದ್ದನ್ನು ನಿಧಾನಕ್ಕೆ ಓದಿ. ಏರುಪೇರಿನ ನೆಲ. ಸಡಿಲ ಕಲ್ಲು. ಜಾರುವ ಕೆಸರು. ಓದಿದವರು ತಲೆ ಎತ್ತಿ ಅಂಗಡಿಯ ಹೊರಗೆ ನೋಡಬೇಕು. ನಮ್ಮ ಫುಟ್‌ಪಾತ್ ನೋಡಿಯೇ ಬರೆದಂತಿದೆ.

ಸಡಿಲ ಕಲ್ಲನ್ನೇ ತೆಗೆದುಕೊಳ್ಳಿ. ಒಂದು ತುದಿಗೆ ಕಾಲಿಟ್ಟರೆ ಇನ್ನೊಂದು ತುದಿ ಎದ್ದು ನಮಸ್ಕಾರ ಮಾಡುತ್ತದೆ. ಕೆಳಗೆ ಗಟಾರ. ಹಿಮ್ಮಡಿಯ ಗಂಟು ಹಿಡಿದಿಡುವ ಎತ್ತರದ ಬೂಟು ಇಲ್ಲಿಗೇ ಸರಿ. ಇನ್ನೂ ಮಜಾ ಕೇಳಿ. ಎಷ್ಟೋ ಊರಿನ ಮನೆ, ಶಾಲೆ, ರೈಲ್ವೆ ಸ್ಟೇಷನ್ನುಗಳಿಗೆ ನೆಲ ಕೊಟ್ಟದ್ದು ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲು. ಅದು ಭೂಮಿಯೊಳಗಿಂದಲೇ ಹಾಳೆ ಹಾಳೆಯಾಗಿ, ಸಪಾಟಾಗಿ ಬರುತ್ತದೆ. ದೇವರು ಸಪಾಟಾಗಿ ಕೊಟ್ಟದ್ದನ್ನು ಓರೆಯಾಗಿ ಕೂರಿಸೋಕೆ ನಮಗೆ ಟೆಂಡರ್ ಬೇಕಾಯಿತು.

ಆಮೇಲೆ ಕೆಸರು. ರಸ್ತೆ ಅಗೆದಾಗ ಎದ್ದ ಎರೆಮಣ್ಣು ಬದಿಗೆ ಗುಡ್ಡೆಯಾಗಿ ಬಿದ್ದಿರುತ್ತದೆ. ತೊಗರಿಗೆ ಅದು ಒಳ್ಳೆಯದು, ಕಾಲಿಗೆ ಶನಿ. ಒಂದು ಮಳೆ ಬಿದ್ದರೆ ಹೆಜ್ಜೆಗೊಂದು ಪದರ ಹತ್ತಿ, ಅಂಗಡಿ ಮುಟ್ಟುವ ಹೊತ್ತಿಗೆ ಮನುಷ್ಯ ಎರಡು ಇಂಚು ಬೆಳೆದಿರುತ್ತಾನೆ. ತಳದ ಹಲ್ಲುಗಳು ದೂರ ದೂರ ಇರುವ ಬೂಟು ಕೊಳ್ಳಿ, ಮಣ್ಣು ಉದುರುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಅಗೆಯುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಡಾಂಬರು. ಅದು ಒಣಗಿದ ಮೇಲೆ ನೀರಿನ ಪೈಪು ನೆನಪಾಗುತ್ತದೆ. ಅದನ್ನು ಮುಚ್ಚಿದ ಮೇಲೆ ಕೇಬಲ್. ಅದನ್ನೂ ಮುಚ್ಚಿದ ಮೇಲೆ ಒಳಚರಂಡಿ. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು, ಗುಂಡಿ ಗುಂಡಿಯಾಗಿಯೇ ಇದೆ. ಪಕ್ಕದಲ್ಲಿ "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಬೋರ್ಡು ಮಾತ್ರ ಮಳೆಗಾಳಿಗೆ ಜಗ್ಗದೆ ನಿಂತಿದೆ. ಅದನ್ನು ನೆಟ್ಟವನಿಗೇ ಫುಟ್‌ಪಾತಿನ ಕೆಲಸವನ್ನೂ ಕೊಡಬೇಕಿತ್ತು.

ದೊಡ್ಡವರಿಗೆ ಇದು ಗೊತ್ತಾಗುವುದು ಕಷ್ಟ. ಅವರು ಆ ನೆಲದ ಮೇಲೆ ಕಾಲಿಡುವುದು ಗುದ್ದಲಿ ಪೂಜೆಯ ದಿನ ಮಾತ್ರ. ಅವತ್ತು ಕಾರಿನಿಂದ ಹಾರದವರೆಗೆ ಜಮಖಾನ ಹಾಸಿರುತ್ತಾರೆ. ಪೂಜೆ ಅಂತ ಚಪ್ಪಲಿಯನ್ನೂ ಕಳಚುತ್ತಾರೆ. ಬರಿಗಾಲಲ್ಲಿ ನಡೆದರೂ ಒಂದು ಹರಳು ಚುಚ್ಚುವುದಿಲ್ಲ! ರಸ್ತೆ ಚೆನ್ನಾಗಿದೆಯಲ್ಲ, ಮಂದಿ ಯಾಕೆ ಒದರುತ್ತಾರೆ ಅಂತ ಅವರಿಗೆ ಅನ್ನಿಸಿದರೆ ತಪ್ಪಿಲ್ಲ.

ಮಲೆನಾಡಿನವರ ಕಷ್ಟ ನೋಡಿ ಪಾಪ ಅನಿಸುತ್ತದೆ. ಕುದುರೆಮುಖ, ಕುಮಾರಪರ್ವತ ಹತ್ತಬೇಕಾದರೆ ಆನ್‌ಲೈನ್ ಬುಕ್ ಮಾಡಬೇಕು, ದುಡ್ಡು ಕಟ್ಟಬೇಕು, ದಿನಕ್ಕೆ ಇಷ್ಟೇ ಮಂದಿ ಅಂತ ಮಿತಿ ಬೇರೆ. ನಮ್ಮಲ್ಲಿ ಬುಕ್ಕಿಂಗ್ ಇಲ್ಲ, ಮಿತಿ ಇಲ್ಲ. ರಾತ್ರಿ ಬೀದಿದೀಪ ಇಲ್ಲದಾಗ ನೈಟ್ ಟ್ರೆಕ್ ಕೂಡ ಫ್ರೀ. "ಆಯಿ, ಆ ಫರಸಿ ಮ್ಯಾಲ ಕಾಲ್ ಇಡಬ್ಯಾಡ್ರಿ, ಅಳ್ಳಾಡ್ತದ" ಎಂದು ಕೂಗುವ ಪಾನ್ ಅಂಗಡಿಯವನೇ ಗೈಡ್.

ಆಯಿ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ತಲೆ ಮೇಲೆ ಜೋಳದ ಹಿಟ್ಟಿನ ಡಬ್ಬಿ.

ಆಯಿಯಂಥವರಿಗಾಗಿ ನನ್ನದೊಂದು ಸಲಹೆ. ನಮ್ಮ ರಾಜ್ಯದ ಸರ್ಕಾರಿ ಶಾಲೆ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡುವ ಯೋಜನೆ ಇದೆ. ಒಳ್ಳೆಯ ಯೋಜನೆ. ಅದನ್ನೇ ಪಾದಚಾರಿಗಳಿಗೂ ಕೊಟ್ಟುಬಿಟ್ಟರೆ ಫುಟ್‌ಪಾತ್ ರಿಪೇರಿಯ ತಲೆನೋವೇ ಇರುವುದಿಲ್ಲ. ರೇಷನ್ ಕಾರ್ಡಿಗೆ ಇಷ್ಟು ಜೊತೆ ಅಂತ ಹಂಚಲಿ. ಅಳತೆ ಶಿಬಿರ ಮಾತ್ರ ಸಂಜೆ ಇಡಲಿ. ದಿನವಿಡೀ ನಡೆದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಅಳೆದ ಬೂಟು ಸಂಜೆ ಕಚ್ಚುತ್ತದೆ. ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗವೂ ಬೇಕು, ಇಲ್ಲದಿದ್ದರೆ ಇಳಿಜಾರಲ್ಲಿ ಉಗುರು ಕಪ್ಪಾಗುತ್ತದೆ. ಇಷ್ಟನ್ನೆಲ್ಲ ಅರ್ಜಿಯಲ್ಲಿ ಬರೆದು ಕೊಡಲು ನಾನು ತಯಾರಿದ್ದೇನೆ. ಒಂದೇ ಅನುಮಾನ. ಮನೆಯಿಂದ ಶಿಬಿರದವರೆಗೆ ಹವಾಯಿ ಚಪ್ಪಲಿಯಲ್ಲೇ ನಡೆದು ಬಂದವರ ಅರ್ಜಿ ಮೇಲೆ, "ಅರ್ಜಿದಾರರು ಸುರಕ್ಷಿತವಾಗಿ ತಲುಪಿದ್ದಾರೆ, ಬೂಟಿನ ಅಗತ್ಯ ಕಂಡುಬಂದಿಲ್ಲ" ಎಂದು ಬರೆದು ಸೀಲ್ ಹೊಡೆಯುತ್ತಾರೆ.