ಬಟ್ಟೆ ತೋರಣ ಅಶುಭವೇ? ಒಂದು ಸ್ಪಷ್ಟನೆ

‘ಬಾಗಿಲಿಗೆ ಬಟ್ಟೆ ತೋರಣ ಕಟ್ಟಬೇಡಿ, ಮಾವಿನ ಎಲೆ ಇಲ್ಲದ್ದು ಅಶುಭ’ ಎಂಬ ವಾಟ್ಸಾಪ್ ಸಂದೇಶ ಶಿರಸಿ ಕಡೆ ಓಡಾಡುತ್ತಿದೆ. ಇದು ತಪ್ಪು ಮಾಹಿತಿ. ಕನ್ನಡಿ ಚೂರು, ಬಣ್ಣದ ದಾರದ ಈ ತೋರಣ ಗುಜರಾತಿನ ಕಛ್, ಸೌರಾಷ್ಟ್ರದ ಕಡೆಯದು. ಅಲ್ಲಿನ ಹೆಂಗಸರು ಮನೆಯಲ್ಲೇ ಕಸೂತಿ ಹಾಕಿ, ಶುಭವಾಗಲಿ ಎಂದೇ ಬಾಗಿಲಿಗೆ ಕಟ್ಟುತ್ತಾರೆ. ಕೆಳಗೆ ಜೋತಾಡುವ ತುಂಡುಗಳನ್ನು ಸರಿಯಾಗಿ ನೋಡಿ. ಬಟ್ಟೆಯಲ್ಲಿ ಮಾಡಿದ ಮಾವಿನ ಎಲೆಗಳೇ ಅಲ್ವಾ! ನಮ್ಮಲ್ಲೂ ಚೌತಿಗೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲಿ ಅಡಿಕೆ, ತೆಂಗು, ಕಾಡಿನ ಕಾಯಿ ಎಲ್ಲ ತೂಗುತ್ತವೆ. ಅದನ್ನು ಯಾರೂ ಅಶುಭ ಅನ್ನುವುದಿಲ್ಲ.

ಒಣಗಿದ ಮಾವಿನ ಎಲೆಯೂ ಆಮ್ಲಜನಕ ಕೊಡುತ್ತದೆ ಎಂದು ಅದೇ ಸಂದೇಶದಲ್ಲಿದೆ. ಸುಮ್ನೆ ಮಾತು. ಹಸಿರು ಹೋದ ಎಲೆ ಏನೂ ಕೊಡುವುದಿಲ್ಲ. ನನಗಂತೂ ಹಸಿ ತೋರಣವೇ ಇಷ್ಟ, ಅದು ಬೇರೆ ವಿಷಯ.